ಒಡಪಿನ ಕಾರಖಾನೆ ಹುಗ್ಗಿಯಲ್ಲಿ ಮುಳುಗಿದ್ದು

ಹಗಲು ಶಾಲೆಯ ನೌಕರಿ, ಉಳಿದ ಹೊತ್ತಿನಲ್ಲಿ ಸ್ವಂತದ ಕಾರಖಾನೆ. ಎರಡನ್ನೂ ಒಬ್ಬಳೇ ನಡೆಸಬಲ್ಲೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕಾರಖಾನೆಗೆ ಬೇಕಾದದ್ದು ಒಂದು ಸೀಸಕಡ್ಡಿ, ನಾಲ್ಕು ಕಾಗದದ ಚೂರು. ಹೊಗೆ ಇಲ್ಲ, ಸದ್ದಿಲ್ಲ, ಜಾಗ ಬೇಡ. ಇಂಥ ಕಾರಖಾನೆ ಮುಳುಗುವುದಾದರೂ ಹೇಗೆ?

ಮುಳುಗಿತು, ಮಕ್ಕಳೇ! ಬನಹಟ್ಟಿಯ ಒಂದು ಮದುವೆಯಲ್ಲಿ, ಬೆಲ್ಲದ ಗೋಧಿ ಹುಗ್ಗಿ ತುಂಬಿದ ಪರಾತದಲ್ಲಿ ಮುಳುಗಿತು.

ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನೀವು ನಕ್ಕರೆ ನನಗೆ ಕಾಣಿಸುವುದಿಲ್ಲ.

ಆಗ ಜಮಖಂಡಿಯಲ್ಲಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ನಾನು ಹುನ್ನೂರಿನ ಶಾಲೆಯಲ್ಲಿ ಕಲಿತು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುತ್ತಿದ್ದೆ. ಎಲ್ಲರೂ ನನ್ನನ್ನು "ಅಕ್ಕಾರು" ಎನ್ನುತ್ತಿದ್ದರು. ನಿಮ್ಮ ಅಜ್ಜ ಕೋರ್ಟಿನಲ್ಲಿ ಕಾರಕೂನರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆಗದಿರಲು ಕಾರಣ ನಿಮ್ಮ ಅಜ್ಜನ ಹೆಸರು!

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿರಲಿಲ್ಲ. ಅದೇ ಹೆಸರು ಬೇರೆ ಯಾರಿಗೆ ಇದ್ದರೂ ಅದನ್ನೂ ಹೇಳುವಂತಿರಲಿಲ್ಲ. ನನ್ನ ವರ್ಗದಲ್ಲಿ ಸುಶೀಲಾ ಎಂಬ ಹುಡುಗಿ ಇದ್ದಳು. ಅವಳ ತಂದೆಯ ಹೆಸರೂ ನಿಮ್ಮ ಅಜ್ಜನ ಹೆಸರೂ ಒಂದೇ. ಹಾಜರಿ ಕರೆಯುವಾಗ ಹುಡುಗಿಯ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಸೇರಿಸಿ ಕೂಗಬೇಕು. ಸುಶೀಲಾಳ ಸರತಿ ಬಂದಾಗ ನಾನು "ಕಿಡಕಿ ಹತ್ತರ ಕುಂತಾಕಿ" ಎನ್ನುತ್ತಿದ್ದೆ. ಅವಳು "ಹಾಜರ್ರೀ" ಎನ್ನುತ್ತಿದ್ದಳು. ವ್ಯವಹಾರ ಸುರಳೀತ ನಡೆದಿತ್ತು.

ಒಂದು ದಿನ ತಪಾಸಣೆಗೆ ಸಾಹೇಬರು ಬಂದರು. ಕರಿ ಕೋಟು, ರುಮಾಲು, ನಗುವೆಂಬುದನ್ನು ಎಂದೂ ಕಂಡರಿಯದ ಮೋರೆ. ನಾನು ಹಾಜರಿ ಕರೆದೆ.

"ಕಿಡಕಿ ಹತ್ತರ ಕುಂತಾಕಿ!"

ಸಾಹೇಬರು ಹಾಜರಿ ಪುಸ್ತಕ ತಿರುಗಿಸಿ ನೋಡಿದರು. "ಸರಕಾರಿ ಪುಸ್ತಕದಾಗ ಕಿಡಕಿ ಎಲ್ಲೈತ್ರಿ, ಅಕ್ಕಾರ?"

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನನ್ನ ಮೇಲೆ ಉಪಕಾರ ಮಾಡಿದಳು. "ಅದು ಅಕ್ಕಾರ ಯಜಮಾನರ ಹೆಸರ್ರಿ, ಸರ! ಅಂದರ ಅವರ ಆಯುಷ್ಯ ಕಡಿಮಿ ಆಕ್ಕೈತ್ರಿ!"

ವರ್ಗವೆಲ್ಲ ಕಿಸಿಕಿಸಿ ನಕ್ಕಿತು. ಸಾಹೇಬರು ನಗಲಿಲ್ಲ. "ಹಾಜರಿ ಕರೆಯುವ ಪದ್ಧತಿ ದೋಷಯುಕ್ತ. ಮುಂದಿನ ತಪಾಸಣೆಯಲ್ಲಿ ಸುಧಾರಣೆ ಕಂಡರೆ ಮಾತ್ರ ಕಾಯಂ ಮಾಡುವ ವಿಚಾರ" ಎಂದು ಬರೆದು ಕೆಳಗೆ ಸಹಿ ಮಾಡಿದರು. ಸಹಿ ಜಿಲೇಬಿಯ ಹಾಗಿತ್ತು. ಅದರಲ್ಲಿ ಅವರ ಹೆಸರು ಎಲ್ಲಿದೆಯೋ ದೇವರೇ ಬಲ್ಲ. ಊರೆಲ್ಲ ಅವರನ್ನು "ಸಾಹೇಬರು" ಎಂದೇ ಕರೆಯುತ್ತಿತ್ತು. ಹೆಸರು ಯಾರಿಗೆ ಬೇಕಿತ್ತು? ನನಗಂತೂ ಬೇಕಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಗಂಡನ ಹೆಸರು ಹೇಳಬಾರದು ಎಂದೆನಲ್ಲ, ಅದಕ್ಕೊಂದು ಕಳ್ಳದಾರಿಯೂ ಇದೆ. ಮದುವೆ, ಬಸುರಿಯ ಕುಬಸಗಳಲ್ಲಿ ಎರಡು ಸಾಲಿನ ಪದ ಕಟ್ಟಿ ಅದರ ನಡುವೆ ಹೆಸರನ್ನು ಹುದುಗಿಸಿ ಹೇಳಬಹುದು. ಅದೇ ಒಡಪು. ಒಳ್ಳೆಯ ಒಡಪು ಹೇಳಿದವಳಿಗೆ ಮಾನ, ಹೇಳಲು ಬಾರದವಳಿಗೆ ಊರ ನಗೆ. ಪಕ್ಕದ ಮನೆಯ ಗಂಗೂನ ಮದುವೆ ಬಂದಾಗ ಅವಳು ಅಳುತ್ತ ನನ್ನ ಹತ್ತಿರ ಬಂದಳು. "ಅಕ್ಕಾರ, ನನಗ ಒಡಪ ಬರೂದಿಲ್ರಿ. ನಾದಿನಿ ಬಾಗಲ್ದಾಗ ತಡೀತಾಳ, ನಾ ಏನ್ ಹೇಳ್ಲಿ?" ವರನ ಹೆಸರು ಬಸಪ್ಪ. ಅಕ್ಕಿ ಆರಿಸುತ್ತಲೇ ಕಟ್ಟಿಕೊಟ್ಟೆ:

ಮುಧೋಳ ಹಾದ್ಯಾಗ ಸಾಲಬೇವಿನ ಗಿಡದ ನೆರಳ,
ಬಸಪ್ಪನವರ ಕೈಯಾಗ ಐತಿ ನನ್ನ ಕಿರಿಬೆರಳ.

ಗಂಗೂ ಗೆದ್ದು ಬಂದಳು. ಅವಳ ತಾಯಿ ನನ್ನನ್ನು ಕರೆದು ಉಡಿ ತುಂಬಿ, ಒಂದು ಕುಬಸ ಹೊಲಿಸುವಷ್ಟು ಖಣದ ಬಟ್ಟೆ ಕೊಟ್ಟಳು. ಕರಿ ಅಂಚಿನ ಕೆಂಪು ಖಣ! ಅದನ್ನು ಮುಟ್ಟಿ ನೋಡುತ್ತ ನೋಡುತ್ತ ನನ್ನ ತಲೆಯಲ್ಲಿ ಕಾರಖಾನೆಯ ಬುನಾದಿ ಬಿದ್ದಿತು.

ಒಂದು ಅಡಚಣೆ ಇತ್ತು. ಸರಕಾರದ ನೌಕರರು ಖಾಸಗಿ ಧಂದೆ ಮಾಡಕೂಡದು ಎಂಬ ನಿಯಮ. ಅದನ್ನು ನಾನು ಬಹಳ ವಿಚಾರ ಮಾಡಿ ಹೀಗೆ ಬಗೆಹರಿಸಿದೆ: ಒಡಪಿಗೆ ದುಡ್ಡು ಮುಟ್ಟುವುದಿಲ್ಲ. ಖಣ ಬರುವುದು ಉಡಿಯಲ್ಲಿ. ಮುತ್ತೈದೆಗೆ ಉಡಿ ತುಂಬುವುದನ್ನು ತಡೆಯಲು ಯಾವ ಸರಕಾರಕ್ಕೂ ಅಧಿಕಾರವಿಲ್ಲ. ಆದಕಾರಣ ಇದು ಧಂದೆಯಲ್ಲ. ಕೋರ್ಟಿನ ಕಾರಕೂನರ ಹೆಂಡತಿ ನಾನು, ಸುಮ್ಮನೆಯೇ?

ಆದರೂ ಗುಟ್ಟಾಗಿ ನಡೆಯಬೇಕು. ಅದಕ್ಕೆ ಮಣಿಯಾರ ಅಮೀನಾಬಿ ಸಿಕ್ಕಳು. ಬಳೆಯ ಬುಟ್ಟಿ ಹೊತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಲ್ಲ ಸುತ್ತುವವಳು. ಅಕ್ಷರ ಬಾರದಿದ್ದರೂ ಒಂದು ಸಲ ಕೇಳಿದ್ದನ್ನು ಮರೆಯದ ತಲೆ. ಹೆಂಗಸರ ಕೈ ಹಿಡಿದು ಬಳೆ ಇಡುತ್ತ ಕಿವಿಯಲ್ಲಿ ಒಡಪು ಹೇಳಿ, ಖಣ ತಂದು ನನಗೆ ಮುಟ್ಟಿಸುತ್ತಿದ್ದಳು. ನನ್ನ ಹೆಸರು ಎಲ್ಲೂ ಹೇಳುವಂತಿಲ್ಲವೆಂದು ಆಣೆ ಇಡಿಸಿದ್ದೆ.

ಬೇಡಿಕೆ ಬೆಳೆಯಿತು! ಹುಡುಗಿಯರಿಗೆ ಮಗ್ಗಿ ಬರೆಯಲು ಹಚ್ಚಿ ನಾನು ಒಡಪು ಕಟ್ಟುತ್ತಿದ್ದೆ. ಅಷ್ಟಾದರೂ ಪೂರೈಸಲಾಗಲಿಲ್ಲ. ಒಂದೊಂದು ಹೆಸರಿಗೂ ಬೇರೆ ಒಡಪು ಏಕೆ ಬೇಕು? ಸಕ್ಕರೆಯ ಗೊಂಬೆಗೆ ಅಚ್ಚು ಇಲ್ಲವೇ? ಒಂದು ಅಚ್ಚು ಮಾಡಿದೆ:

ರಬಕವಿ ಪ್ಯಾಟ್ಯಾಗ ತಂದೇನಿ ರೇಶಿಮಿ ಸೀರಿ,
ಇಂಥವರ ಮನಿಗೆ ಬಂದೇನಿ, ಸರದ ದಾರಿ ಬಿಡರಿ.

"ಇಂಥವರ" ಎಂಬಲ್ಲಿ ಗಂಡನ ಹೆಸರು ಹಾಕಿಕೊಂಡರೆ ಆಯಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮುಧೋಳದ ಮದುಮಗಳು ಮಾತ್ರ ಹೆಸರು ಹಾಕಿಕೊಳ್ಳಲಿಲ್ಲ. ಹೊಸ್ತಿಲಲ್ಲಿ ನಿಂತು ಗಟ್ಟಿ ದನಿಯಲ್ಲಿ "ಇಂಥವರ ಮನಿಗೆ ಬಂದೇನಿ" ಎಂದುಬಿಟ್ಟಳು! ಅವಳ ಅತ್ತೆ, "ಯಾಕವಾ, ಯಾರ ಮನಿಗೆ ಬಂದೀ ಅನ್ನೂದ ಗೊತ್ತಿಲ್ದಽ ಬಂದಿಯೇನು?" ಎಂದಳಂತೆ.

ಬೀಳಗಿಯದು ಇನ್ನೂ ದೊಡ್ಡದು. ಒಂದೇ ಮನೆಯ ವಾರಗಿತ್ತಿಯರಿಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಅದೇ ಅಚ್ಚಿನ ಒಡಪು ಒಯ್ದಿದ್ದರು. ಕುಬಸದ ದಿನ ದೊಡ್ಡವಳು ಹೇಳಿದಳು. ಹಿಂದೆಯೇ ಚಿಕ್ಕವಳೂ ಅದನ್ನೇ ಹೇಳಿದಳು. "ಕಳ್ಳಿ!" "ನೀ ಕಳ್ಳಿ!" ಎಂದು ಶುರುವಾಗಿ ಕೈ ಕೈ ಹತ್ತಿತಂತೆ.

"ಬಳಿ ಎಲ್ಲಾ ಚೂರಚೂರ ಆದುವ್ರಿ, ಅಕ್ಕಾರ" ಎಂದು ಅಮೀನಾಬಿ ವರದಿ ಒಪ್ಪಿಸಿದಳು.

"ಅಯ್ಯೋ, ಮುಂದ?"

"ಮುಂದೇನ್ರಿ, ನಾ ಅಲ್ಲೇ ಇದ್ನಲ್ಲ. ಇಬ್ಬರಿಗೂ ಹೊಸಾ ಬಳಿ ಇಟ್ಟ ಬಂದೆ. ಹಿಂಗಽ ಕಟ್ಟಕೋತ ಇರ್ರಿ!"

ನಾನು ಅಚ್ಚನ್ನು ಅಂದೇ ಬಿಟ್ಟುಕೊಟ್ಟೆ. ಇನ್ನು ಮೇಲೆ ಗಂಡನ ಗುಣ ಕೇಳಿಕೊಂಡು ಅಳತೆಗೆ ಸರಿಯಾಗಿ ಹೊಲಿದ ಕುಬಸದಂಥ ಒಡಪು ಮಾತ್ರ ಎಂದು ನಿಶ್ಚಯಿಸಿದೆ. ಆಗಲೇ ಬಂದದ್ದು ವಿರೂಪಾಕ್ಷಪ್ಪನವರ ಒಡಪು.

"ದೊಡ್ಡ ಮನಿ ಬಾಯಾರು. ಮಗಳ ಮದವಿ. ಬೀಗರ ಕಡೆ ಹೆಂಗಸರು ಒಡಪಿನಾಗ ಭಾಳ ಶಾಣ್ಯಾರಂತ, ಅವರ ಮುಂದ ಸೋಲಬಾರದಂತ. ಹೆಸರ ಹೇಳಬ್ಯಾಡ ಅಂದಾರ" ಎಂದಳು ಅಮೀನಾಬಿ. ತನ್ನ ಗುಟ್ಟು ಯಾರಿಗೂ ತಿಳಿಯಬಾರದು ಎಂಬ ಗಿರಾಕಿಯ ಆಸೆ ನನಗೆ ಹಿಡಿಸಿತು. ಕಟ್ಟಿ ಕಳಿಸಿದೆ:

ಹುಣ್ಣಿಮಿ ದಿನಾ ಹೊಳ್ಯಾಗ ಹಾಲ ಚೆಲ್ಲಿಧಾಂಗ,
ವಿರೂಪಾಕ್ಷಪ್ಪನವರು ನಕ್ಕರ ಮಲ್ಲಿಗಿ ಅರಳಿಧಾಂಗ.

ಮೂರನೆಯ ದಿನ ಒಡಪು ತಿರುಗಿ ಬಂತು. "ಬ್ಯಾಡಂತ್ರಿ. ಅವರು ನಗೂದಽ ಇಲ್ಲಂತ. ಲಗ್ನಾದಾಗಿಂದ ಬಾಯಾರು ಒಮ್ಮೆನೂ ನೋಡಿಲ್ಲಂತ. ಮಂದಿ ಸುಳ್ಳ ಅಂತಾರಂತ."

ಎರಡನೆಯದರಲ್ಲಿ ಅವರನ್ನು ತಣ್ಣನೆಯ ಚಂದ್ರ ಎಂದೆ. ಅದೂ ತಿರುಗಿ ಬಂತು. "ತಣ್ಣಗ ಅಂದರ ಕೇಳಿದವರು ಬಿದ್ದ ಬಿದ್ದ ನಗತಾರಂತ್ರಿ. ಭಾಳ ಸಿಟ್ಟಿನ ಗಂಡಸಂತ."

ಯಾರಪ್ಪಾ ಈ ವಿರೂಪಾಕ್ಷಪ್ಪ! ನನಗೂ ಹಟ ಬಂತು. ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ಶಾಲೆಗೆ ನಡೆಯುವಾಗ ಅವರದೇ ಧ್ಯಾನ. ಹದಿನೈದು ದಿನ ಮಿಡುಕಿ ನನ್ನ ಜನ್ಮದ ಶ್ರೇಷ್ಠ ಒಡಪು ಹೆತ್ತೆ:

ಹೊರಗ ಗಟ್ಟಿ, ಒಳಗ ತಿಳಿನೀರ, ದೇವರ ಮುಂದಿನ ತೆಂಗಿನಕಾಯಿ,
ವಿರೂಪಾಕ್ಷಪ್ಪನವರ ಸಿಟ್ಟಿನ ಹಿಂದ ಸಕ್ಕರಿಯಂಥಾ ಬಾಯಿ.

ಇದಕ್ಕೆ ಒಂದಲ್ಲ, ಎರಡು ಖಣ ಬಂದವು. ನಾನು ಹಿಗ್ಗಿ ಇಡೀ ದಿನ ಅದನ್ನೇ ಗುಣುಗುಣಿಸುತ್ತಿದ್ದೆ. ನಿಮ್ಮ ಅಜ್ಜ ಕೋರ್ಟಿನಿಂದ ಬಂದು ರುಮಾಲು ತೆಗೆಯುತ್ತ ನಿಂತಿದ್ದು ನನಗೆ ಕಾಣಿಸಲಿಲ್ಲ.

"ಯಾರವ, ಸಕ್ಕರಿ ಬಾಯಿಯ ವಿರೂಪಾಕ್ಷಪ್ಪ?"

ಕೈಯಲ್ಲಿದ್ದ ಸವುಟು ಬಿತ್ತು. "ಪಾಠದಾಗ ಬರತಾರ್ರಿ."

"ಎಷ್ಟನೇ ಇಯತ್ತೆ ಪಾಠ?"

"ಎರಡನೇದು."

"ಎರಡನೇ ಇಯತ್ತೆ ಹುಡಿಗ್ಯಾರಿಗೆ ಇಂಥಾ ಪಾಠ ಹಚ್ಚ್ಯಾರೇನು? ಮುಂಬಯಿ ಸರಕಾರ ಭಾಳ ಸುಧಾರಿಸಿತು ಬಿಡು!" ಎಂದು ಅವರು ಕೈಕಾಲು ತೊಳೆಯಲು ಹೋದರು. ಹೋಗುವಾಗ ಟ್ರಂಕಿನ ಕಡೆಗೊಮ್ಮೆ ನೋಡಿದರು. ಖಣ ತುಂಬಿ ಅದರ ಮುಚ್ಚಳ ಆಗಲೇ ಮುಚ್ಚುತ್ತಿರಲಿಲ್ಲ.

ಅದೇ ವಾರ ಶಾಲೆಯಲ್ಲಿ ಹೆಡ್‌ಬಾಯಾರು ಎಲ್ಲರನ್ನೂ ಕರೆದು ಹೇಳಿದರು: "ಸಾಹೇಬರ ಮಗಳ ಮದವಿ, ಬನಹಟ್ಯಾಗ. ಎಲ್ಲಾರೂ ಯಜಮಾನರನ್ನ ಕರಕೊಂಡ ಬರಬೇಕಂತ." ಮದುವೆಯಾದ ಹತ್ತು ದಿನಕ್ಕೆ ನನ್ನ ತಪಾಸಣೆ. ಹೋಗದೆ ಇರುವುದುಂಟೇ? ಹೊಸ ಖಣದ ಕುಬಸ ಹೊಲಿಸಿಕೊಂಡು ಹೊರಟೆ.

ಬೀಗರದು ಬನಹಟ್ಟಿಯ ದೊಡ್ಡ ಮಗ್ಗದ ಮನೆ. ಅಂದು ಮಗ್ಗಗಳಿಗೆಲ್ಲ ಬಿಡುವು. ಅಕ್ಷತೆ ಬಿದ್ದಮೇಲೆ ಗಂಡಸರ ಪಂಗ್ತಿ ಪರದೆಯ ಆಚೆ ಕುಳಿತಿತು. ಈಚೆ ಹೆಂಗಸರೆಲ್ಲ ಒಂದೇ ತಾಟಿನಲ್ಲಿ ಕೂಡಿ ಉಣ್ಣುವ ಭೂಮದ ಊಟ. ದೊಡ್ಡ ಪರಾತದಲ್ಲಿ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪದ ಕೆರೆ, ಸುತ್ತಲೂ ಮುತ್ತೈದೆಯರು. ವರನ ಅಕ್ಕ ಸವುಟು ಹಿಡಿದು ಕಾವಲು ನಿಂತಳು.

"ಹೆಸರ ಹೇಳಿದವರಿಗೆ ತುತ್ತ! ಹೇಳದವರಿಗೆ ಬರೇ ವಾಸನಿ!"

ನಾಡಿನ ಗಂಡಂದಿರಿಗೆಲ್ಲ ಒಡಪು ಕಟ್ಟಿದ ನನ್ನ ಬಳಿ ನನ್ನ ಗಂಡನಿಗೆ ಒಂದೂ ಇರಲಿಲ್ಲ! ಹಿಂದೆ ಸರಿಯಲು ನೋಡಿದೆ. ಹೆಡ್‌ಬಾಯಾರು ಸೆರಗು ಹಿಡಿದು ಕೂರಿಸಿದರು. ನನ್ನ ಎಡಕ್ಕೆ ಸಾಹೇಬರ ಹೆಂಡತಿ. ಹಸಿರು ಸೀರೆ, ಮೈತುಂಬ ಬಂಗಾರ, ಕಣ್ಣು ಮುಚ್ಚಿ ತುಟಿ ಮಾತ್ರ ಆಡಿಸುತ್ತಿದ್ದರು. ದೈವಭಕ್ತಿ ಎಂದುಕೊಂಡೆ. ಅಂಗಳದಲ್ಲಿ ಅಮೀನಾಬಿ ಬಳೆ ಇಡುತ್ತ ಕುಳಿತಿದ್ದಳು. ನನ್ನನ್ನೂ ಆ ಬಾಯಾರನ್ನೂ ಒಟ್ಟಿಗೆ ನೋಡಿ ಕಣ್ಣಿನಲ್ಲಿ ಏನೋ ಸನ್ನೆ ಮಾಡಿದಳು. ನಾನೂ ಸೌಜನ್ಯಕ್ಕೆ ನಕ್ಕೆ.

ಒಬ್ಬೊಬ್ಬರೇ ಹೇಳಿದರು, ತುತ್ತು ತಿಂದರು. ಸರತಿ ನನ್ನ ಮುಂದೆ ಬಂದು ನಿಂತಿತು.

"ಹೂಂ, ಜಮಖಂಡಿ ಅಕ್ಕಾರು! ಗಟ್ಟಿಯಾಗಿ ಹೇಳ್ರಿ, ನಿಮ್ಮ ಯಜಮಾನರಿಗೂ ಕೇಳಲಿ!"

ಪರದೆಯ ಆಚೆಯ ಗದ್ದಲವೂ ನಿಂತಿತು. ಕಣ್ಣು ಮುಚ್ಚಿದೆ. ಬಾಯಿ ತೆರೆದೆ. ಹದಿನೈದು ದಿನದಿಂದ ನಾಲಿಗೆಯ ತುದಿಯಲ್ಲಿ ಮನೆ ಮಾಡಿಕೊಂಡಿದ್ದದ್ದು ತಾನಾಗಿ ಹೊರಗೆ ಜಿಗಿಯಿತು.

"ಹೊರಗ ಗಟ್ಟಿ, ಒಳಗ ತಿಳಿನೀರ, ದೇವರ ಮುಂದಿನ ತೆಂಗಿನಕಾಯಿ, ವಿರೂಪಾಕ್ಷಪ್ಪನವರ ಸಿಟ್ಟಿನ ಹಿಂದ ಸಕ್ಕರಿಯಂಥಾ ಬಾಯಿ!"

ನನ್ನ ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ಸ್ಪಷ್ಟವಾಗಿ ನಾನು ಎಂದೂ ಮಾತಾಡಿದ್ದಿಲ್ಲ.

ಪರದೆಯ ಆಚೆ ಯಾರಿಗೋ ಹುಗ್ಗಿ ನೆತ್ತಿಗೇರಿ ಕೆಮ್ಮು ಹತ್ತಿತು. ಆಮೇಲೆ ನಿಮ್ಮ ಅಜ್ಜನ ಶಾಂತ ಧ್ವನಿ ಕೇಳಿಸಿತು: "ನೀರ ತರ್ರಿ, ನೀರ. ಸಾಹೇಬರಿಗೆ ಬಿಕ್ಕ ಹತ್ತ್ಯಾವು."

ವರನ ಅಕ್ಕ ಸವುಟನ್ನು ಗಲ್ಲಕ್ಕೆ ಹಚ್ಚಿಕೊಂಡು, "ಅಯ್ಯ! ವಿರೂಪಾಕ್ಷಪ್ಪ ಅಂದರ ನಮ್ಮ ಬೀಗರ ಹೆಸರಲ್ಲೇನು?" ಎಂದಳು.

ಅದು ಸಾಹೇಬರ ಹೆಸರು! ಜಿಲೇಬಿ ಸಹಿ ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಅಕ್ಷರ ಅಕ್ಷರವಾಗಿ ಬಿಚ್ಚಿಕೊಂಡಿತು.

ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು, "ಯವ್ವಾ, ನಿನ್ನ ಗಂಡ ಯಾವಾಂವ? ಕೆಮ್ಮಾಕತ್ತಾಂವೋ, ನೀರ ಕೇಳಾಕತ್ತಾಂವೋ?" ಎಂದಳು.

ಅಷ್ಟರಲ್ಲಿ ಎಡಕ್ಕಿದ್ದ ಸಾಹೇಬರ ಹೆಂಡತಿ ಎದ್ದು ನಿಂತರು. ಮೋರೆ ಕೆಂಪಗೆ ಕುಂಕುಮದ ಹಾಗಾಗಿತ್ತು.

"ಅದು ನಂದು!"

"ಯಾವುದರೀ?" ಎಂದಳು ವರನ ಅಕ್ಕ. "ಗಂಡನೋ, ಒಡಪೋ?"

"ಎರಡೂ ನನ್ನವ!" ಎಂದು ಅವರು ಅತ್ತೇಬಿಟ್ಟರು. ಒಂದೇ ಉಸಿರಿನಲ್ಲಿ ನಾನು ಅವರ ಗಂಡನನ್ನೂ ಒಡಪನ್ನೂ ಕಿತ್ತುಕೊಂಡಿದ್ದೆ. ಮುಂದಿನ ಸರತಿ ಅವರದಿತ್ತು.

ನನ್ನ ಮಾನ ಉಳಿಸಲು ಅಂಗಳದಿಂದ ಅಮೀನಾಬಿ ಓಡಿ ಬಂದಳು. "ಸಿಟ್ಟಾಗಬ್ಯಾಡ್ರಿ, ಬಾಯಾರ! ಅಕ್ಕಾರದು ಏನೂ ತಪ್ಪಿಲ್ಲ. ಒಡಪ ಕಟ್ಟಿದವರಽ ಅವರು. ಕಟ್ಟಿ ಕಟ್ಟಿ ನಾಲಿಗಿಗೆ ಹತ್ತೈತಿ! ಬೇಕಾದರ ಈ ಮನಿ ಅಕ್ಕನ್ನ ಕೇಳ್ರಿ, ಅವರಿಗೂ ಮೂರ ಕಟ್ಟಿ ಕೊಟ್ಟಾರ!"

ವರನ ಅಕ್ಕನ ಕೈಯಿಂದ ಸವುಟು ಹುಗ್ಗಿಯೊಳಗೆ ಬಿದ್ದು ಮುಳುಗಿತು. ಒಡಪಿನಲ್ಲಿ ಸೋಲದ ಮನೆ ಎಂದು ಹೆಸರಾದ ಆ ಮನೆಯ ಕೀರ್ತಿಯೂ, ನನ್ನ ಗುಟ್ಟೂ, ಕಾರಖಾನೆಯೂ ಅದರ ಹಿಂದೆಯೇ ಮುಳುಗಿದವು. "ಹಂಗಾರ ನಿಂದೂ ಕೊಂಡದ್ದಽ?" "ನಿಂದೇನ ಸ್ವಂತದ್ದೇನು?" ಎಂದು ಪರಾತದ ಸುತ್ತ ಗದ್ದಲ ಎದ್ದಿತು. ನನಗೆ ಕೊನೆಗೂ ಹುಗ್ಗಿ ಸಿಗಲಿಲ್ಲ. ವಾಸನೆ ಮಾತ್ರ.

ತಿರುಗಿ ಬರುವಾಗ ಮೋಟಾರಿನಲ್ಲಿ ನಾನು ತಲೆ ಎತ್ತಲಿಲ್ಲ. ಜಮಖಂಡಿ ಹತ್ತಿರ ಬಂದಾಗ ನಿಮ್ಮ ಅಜ್ಜ ಹೇಳಿದರು: "ವಿರೂಪಾಕ್ಷಪ್ಪ ಯಾವ ಪಾಠದಾಗ ಬರತಾನ ಅನ್ನೂದು ಇವತ್ತ ತಿಳೀತು."

"ನನ್ನ ನೌಕರಿ ಹೋತ್ರಿ" ಎಂದು ಅತ್ತೆ.

"ಹೋದರ ಹೋಗಲಿ. ಟ್ರಂಕ್ ತುಂಬ ಖಣ ಅದಾವು, ಅಂಗಡಿ ಇಡೂಣು." ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲಾ, ಊರ ಮಂದಿಗೆಲ್ಲಾ ಕಟ್ಟೀದಿ. ನನಗೊಂದ ಯಾಕ ಕಟ್ಟಲಿಲ್ಲ?"

ಬೇರೆಯವರ ಗಂಡಂದಿರ ಹೆಸರು ನನಗೆ ಬರೀ ಅಕ್ಷರ. ಇವರ ಹೆಸರು ಮನಸ್ಸಿನಲ್ಲಿ ಅಂದುಕೊಂಡರೂ ಕಿವಿ ಬಿಸಿಯಾಗುತ್ತಿತ್ತು. ಬಿಸಿ ಕಿವಿಯಿಂದ ಪ್ರಾಸ ಹೇಗೆ ಹುಟ್ಟೀತು?

ಹತ್ತನೆಯ ದಿನ ಸಾಹೇಬರು ತಪಾಸಣೆಗೆ ಬಂದರು. ಅದೇ ಕೋಟು, ಅದೇ ಮೋರೆ. ಕುರ್ಚಿಯಲ್ಲಿ ಕುಳಿತು, "ಖಾಸಗಿ ಧಂದೆ ನಡದೈತಿ ಅಂತ ಕೇಳೇನಿ" ಎಂದರು.

ನಾನು ತಯಾರಿಸಿಕೊಂಡಿದ್ದ ವಾದ ಮಂಡಿಸಿದೆ. "ಧಂದೆ ಅಲ್ರೀ, ಸಾಹೇಬರ. ಉಡಿ."

"ಉಡಿ ಬಂದ್ ಮಾಡ್ರಿ."

"ಆಗಲ್ರಿ."

"ಹಾಜರಿ ಕರೀರಿ."

ಕರೆದೆ. ಸುಶೀಲಾಳ ಸರತಿ ಬಂತು. "ಸುಶೀಲಾ..." ಎಂದೆ. ಮುಂದಿನ ಹೆಸರು ಗಂಟಲಿನಲ್ಲಿ ಕುಳಿತಿತು. ಮತ್ತೊಮ್ಮೆ "ಸುಶೀಲಾ..." ಎಂದೆ. ಕಾಯಂ ನೌಕರಿ ಮೂರು ಅಕ್ಷರದ ಆಚೆ ನಿಂತಿತ್ತು. ಮಾರು ದೂರ ಇಲ್ಲ. ದಾಟಲು ಆಗಲಿಲ್ಲ.

ಸಾಹೇಬರು ಕನ್ನಡಕ ತೆಗೆದರು. "ನನ್ನ ಹೆಸರನ್ನ ನೂರ ಮಂದಿ ಮುಂದ ತೆಂಗಿನಕಾಯಿ ಒಡದಂಗ ಅಂದ್ರಿ. ಸ್ವಂತ ಯಜಮಾನರ ಹೆಸರು ಇಪ್ಪತ್ತ ಹುಡಿಗ್ಯಾರ ಮುಂದ ಬರವಲ್ಲದೇನ್ರಿ?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಸುಶೀಲಾಗೆ ನನ್ನ ಮೇಲೆ ಕರುಣೆ ಬಂತು. ಕಿಡಕಿಯ ಹತ್ತಿರ ಎದ್ದು ನಿಂತು ಕೂಗಿದಳು: "ಸರ, ಕಿಡಕಿ ಹಾಜರ್ರೀ!"

ಸಾಹೇಬರ ಮೀಸೆ ಅಲುಗಿತು. ಕೋಟಿನ ಗುಂಡಿಗಳು ಅಲುಗಿದವು. ಆಮೇಲೆ ಅವರು ನಕ್ಕರು! ಕಣ್ಣಲ್ಲಿ ನೀರು ಬರುವ ತನಕ, ಕುರ್ಚಿ ಕಿರುಗುಟ್ಟುವ ತನಕ ನಕ್ಕರು. ಹೆಡ್‌ಬಾಯಾರು ಗಾಬರಿಯಾಗಿ ನೀರು ತಂದರು. ನಗುತ್ತಲೇ ಪುಸ್ತಕ ಎಳೆದುಕೊಂಡು, "ಹಾಜರಿ ಪದ್ಧತಿ ದೋಷಯುಕ್ತ, ಆದರೆ ಹುಡುಗಿಯರು ಹಾಜರಿದ್ದಾರೆ. ಕಾಯಂ ಮಾಡಲು ಅಡ್ಡಿಯಿಲ್ಲ" ಎಂದು ಬರೆದು ಜಿಲೇಬಿ ಹಾಕಿದರು.

ಮರುವಾರ ಅಮೀನಾಬಿ ಬಂದಳು. "ಸಾಹೇಬರ ಬಾಯಾರು ಹೇಳಿ ಕಳಿಸ್ಯಾರ್ರಿ. ಸಾಹೇಬರು ಮನಿಗೆ ಬಂದ ಮ್ಯಾಲೂ ನಕ್ಕರಂತ. ಆ ಮಲ್ಲಿಗಿ ಅರಳೂ ಒಡಪ ಇತ್ತಲ್ಲಾ, ಮೊದಲಿಂದು, ಅದಽ ಬೇಕಂತ!"

ಕೊಟ್ಟೆ. ಖಣ ಮುಟ್ಟಲಿಲ್ಲ. ಅದೇ ಕಾರಖಾನೆಯ ಕೊನೆಯ ಮಾಲು. ಕೊಂಡ ಒಡಪು ಎಂದು ಗೊತ್ತಾದ ಮೇಲೆ ಯಾರು ಕೇಳುತ್ತಾರೆ? ಟ್ರಂಕಿನ ಖಣಗಳು ನಿಮ್ಮ ತಾಯಂದಿರ ಕುಬಸವಾಗಿ, ಆಮೇಲೆ ನಿಮ್ಮ ಕೌದಿಗಳಾಗಿ ಮುಗಿದವು.

ನಿಮ್ಮ ಅಜ್ಜ ಮಾತ್ರ ಪ್ರತಿ ಯುಗಾದಿಗೆ "ನಂದು ತಯಾರಾತೇನು?" ಎಂದು ಕೇಳುತ್ತಿದ್ದರು. "ನಡದೈತ್ರಿ" ಎನ್ನುತ್ತಿದ್ದೆ. ಆರ್ಡರು ಕೊಟ್ಟು ಅಷ್ಟು ವರ್ಷ ಕಾಯ್ದ ಗಿರಾಕಿ ಬೇರೆ ಇಲ್ಲ. ಈಗ ಒಡಪು ಕೇಳಲು ಅವರೂ ಇಲ್ಲ, ಮುತ್ತೈದೆಯರ ನಡುವೆ ಹೇಳುವ ಸರತಿಯೂ ನನಗೆ ಬರುವುದಿಲ್ಲ. ಅದಕ್ಕೇ ನಾಚಿಕೆ ಬಿಟ್ಟು ಮೊನ್ನೆ ಕುಳಿತು ಕಟ್ಟಿಯೇ ಬಿಟ್ಟೆ. ಒಂದೇ ಏಟಿಗೆ ಬಂತು:

ಮಂದಿ ಗಂಡಂದಿರ ಹೆಸರಿಗೆ ಸವೆಸಿದೆ ನೂರ ಸೀಸಕಡ್ಡಿ,
ಕೋರ್ಟಿನ ಕಾರಕೂನರ ಮುಂದ ನಾ ಒಬ್ಬಾಕಿ ದಡ್ಡಿ.

ಎದೆ ಉಬ್ಬಿತು. ತೆಂಗಿನಕಾಯಿಗಿಂತ ಇದೇ ಮೇಲು ಎನ್ನಿಸಿತು. ನಿಮ್ಮಲ್ಲಿ ದೊಡ್ಡಾಕಿಯನ್ನು ಕರೆದು ಓದಿಸಿದೆ. ಅವಳು ಎರಡು ಸಲ ಓದಿ ನನ್ನ ಮುಖ ನೋಡಿದಳು.

"ಛಲೋ ಐತಿ, ಅಜ್ಜಿ. ಆದರ ಇದರಾಗ ಅಜ್ಜನ ಹೆಸರಽ ಇಲ್ಲಲಾ!"

ಕನ್ನಡಕ ಹಾಕಿಕೊಂಡು ನೋಡಿದೆ. ಇರಲಿಲ್ಲ!